ಆಮೇಲೆ ಹೆಸರಿಸಲಾಗುವವನು

ಮೇ ತಿಂಗಳು. ಏರಿ ಸರೋವರದ ಗಾಳಿಗೆ
ಇನ್ನೂ ಮಂಜಿನ ಹಲ್ಲು.
ಪೋರ್ಟ್ ಕ್ಯಾಸ್ಲರಿನ ಮೂಲೆಯಲ್ಲಿ ನನ್ನ ಅಂಗಡಿ,
ಒಗೆತ, ಇಸ್ತ್ರಿ, ಹೊಲಿಗೆ.
ಹೆಸರು ಬ್ರೋನ್ಯಾ;
ಬೋರ್ಡಿನ ಮೇಲೆ ಮಾತ್ರ ಇವತ್ತಿಗೂ ಅತ್ತೆಯ ಹೆಸರು.

ಇಪ್ಪತ್ತನಾಲ್ಕು ಅಂಗಿ ಬಂದಿವೆ.
ಎದೆಯ ಮೇಲೆ ಮೀನು, ಬೆನ್ನು ಬೋಳು.
ಸ್ಟರ್ಜನ್ಸ್ ತಂಡದ ಮಾಲೀಕ ಹೊಸ ಅಕ್ಷರ ಕೊಳ್ಳುವವನಲ್ಲ,
ಹೋದವರ ಬೆನ್ನಿಂದ ಬಿಚ್ಚಿದ್ದೇ ಬಂದವರಿಗೆ.
ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದೇನೆ:
ಹತ್ತೊಂಬತ್ತು 'ಎ', ಎಂಟು 'ಆರ್',
ಒಂದೇ ಒಂದು 'ಕ್ಯೂ'. ಅದು ಯಾರದಿತ್ತೋ, ನೆನಪಿಲ್ಲ.

ಆಲ್ಟಗ್ರಾಸಿಯಾ, ಶಾರ್ಟ್‌ಸ್ಟಾಪ್,
ಡೊಮಿನಿಕನ್ ಕಬ್ಬಿನೂರಿನ ಹುಡುಗ, ಬಡಕಲು ಭುಜ.
ಹತ್ತು ಅಕ್ಷರ, ಅದರಲ್ಲಿ ನಾಲ್ಕು 'ಎ',
ಕಮಾನು ಬಗ್ಗಿಸಿದರೂ ತೋಳಿಗಿಳಿಯುತ್ತದೆ.
ಮೂಗಿಗಿಂತ ಮೂಗುತಿ ಭಾರ, ಅಂದೆ.
ತಿಳಿಯಲಿಲ್ಲ ಅವನಿಗೆ, ಸುಮ್ಮನೆ ನಕ್ಕ.
ಕೊರಿಯದ ಎಡಗೈ ಪಿಚರ್ ನೋ, ಮೂರೇ ಅಕ್ಷರ,
ಕಾಫಿ ಆರುವ ಮೊದಲೇ ಮುಗಿಯಿತು.
ಕೆಸೆಲ್‌ನದು ಮಾತ್ರ ಬಿಚ್ಚುವ ಗೋಜಿಲ್ಲ,
ಆರನೆಯ ವರ್ಷ, ಅದೇ ಅಂಗಿ, ಮೂವತ್ತನಾಲ್ಕು.
ಕ್ಯಾಚರ್. ಕೂತೆದ್ದರೆ ಮಂಡಿ
ಹಳೇ ಬಾಗಿಲಿನಂತೆ ಕಿರುಗುಟ್ಟುತ್ತದೆ.
ಚಳಿಗಾಲವೆಲ್ಲ ಟೈರಿನಂಗಡಿಯಲ್ಲಿ ದುಡಿತ.

ಮೊದಲ ಹನ್ನೆರಡು ಆಟ, ಹತ್ತು ಸೋಲು.
ಸೋಮವಾರ ಬೆಳಿಗ್ಗೆ ಡೆನ್ನಿ ಚೀಲ ಹೊತ್ತು ಬರುತ್ತಾನೆ.
ಬಾಯಲ್ಲಿ ಮಾತಿಲ್ಲ, ಕೈಯಲ್ಲಿ ಚೀಟಿ:
ಇವನಿಗೆ ಮೊಣಕೈ, ಅರವತ್ತು ದಿನ.
ಇವನನ್ನು ಬಿಟ್ಟಾಯಿತು.
ಇವನು ತಾನಾಗೇ ಹೋದ, ಹೆಂಡತಿಗೆ ಹೆರಿಗೆ.
ಜೂನಿನಲ್ಲಿ ಆಲ್ಟಗ್ರಾಸಿಯಾನನ್ನು
ದೊಡ್ಡ ಲೀಗಿನ ತಂಡವೊಂದು ಕೊಂಡಿತು.
ಊರೆಲ್ಲ ಹಿಗ್ಗಿತು. ನಾನು ಹತ್ತು ಅಕ್ಷರ ಬಿಚ್ಚಿದೆ.
ಮೇಲಕ್ಕೆ ಹೋದರೂ ಮನೆಗೆ ಹೋದರೂ
ನನ್ನ ಕತ್ತರಿಗೆ ಒಂದೇ ಕೆಲಸ.

ಜುಲೈ ಕೊನೆಗೆ ಕೆಸೆಲ್‌ನ ಅಂಗಿ ಬಂತು.
ಇಂಡಿಯಾನಾದವರಿಗೆ ಕ್ಯಾಚರ್ ಬೇಕಂತೆ.
ಬದಲಿಗೆ ಯಾರು? ಚೀಟಿ ನೋಡಿದೆ:
'ಆಮೇಲೆ ಹೆಸರಿಸಲಾಗುವ ಆಟಗಾರ.'
ಇದನ್ನು ಹ್ಯಾಗೆ ಹೊಲಿಯಲಿ, ಡೆನ್ನಿ?
ಅವನು ಕಿಟಕಿಯಾಚೆ ಬಸ್ಸು ನೋಡುತ್ತಿದ್ದ.
ದಾರ ಎಳೆದೆ. ಅಕ್ಷರದಡಿಯ ಬಟ್ಟೆ
ಇನ್ನೂ ಹೊಸದರ ಬಿಳುಪು,
ಗಡಿಯಾರ ಬಿಚ್ಚಿಟ್ಟ ಮಣಿಕಟ್ಟಿನ ಹಾಗೆ.
ಒಂದು 'ಕೆ', ಎರಡು 'ಎಸ್',
ಮರುದಿನವೇ ಸಾಸ್ನಿಕ್ ಎಂಬವನ ಬೆನ್ನೇರಿದವು;
ಮೂವತ್ತನಾಲ್ಕೂ ಅವನಿಗೇ.

ಮೊಳೆಯ ಮೇಲೆ ಬೋಳು ಅಂಗಿಯೊಂದು ಉಳಿಯಿತು,
ಅರವತ್ತೊಂದು, ಹೆಸರಿಲ್ಲದವನಿಗೆ.
ರಾತ್ರಿ ರೇಡಿಯೊದಲ್ಲಿ ಒಂಬತ್ತನೇ ಇನಿಂಗ್ಸು,
ನನಗೆ ಅವನದೇ ಯೋಚನೆ: ಎಲ್ಲಿ ಉಂಡನೋ,
ತನ್ನ ವ್ಯಾಪಾರ ಕುದುರಿದ್ದು ತಿಳಿಯದೆ
ಯಾವ ಬಸ್ಸಿನಲ್ಲಿ ಬಾಯ್ತೆರೆದು ಮಲಗಿದ್ದಾನೋ.
ನಾನು ಗ್ಡಾನ್ಸ್ಕ್ ಬಿಟ್ಟು ಬರುವಾಗಲೂ
ಅರ್ಜಿಯಲ್ಲಿ 'ಹೆಂಡತಿ' ಎಂದಷ್ಟೇ ಇತ್ತು.

ಸೆಪ್ಟೆಂಬರ್. ಮೂರು ಆಟ ಬಾಕಿ, ಕೊನೆಯ ಸ್ಥಾನ ಖಚಿತ.
ಡೆನ್ನಿ ಬಂದ, ಈ ವರ್ಷ ಮೊದಲ ಸಲ ನಗುತ್ತ.
ಇಂಡಿಯಾನಾದವರು ಹೆಸರಿಸಿದ್ದಾರೆ: ಕೆಸೆಲ್.
ಕೆಸೆಲ್‌ಗೆ ಬದಲಾಗಿ ಕೆಸೆಲ್!
ಹೊಟ್ಟೆ ಹಿಡಿದು ನಕ್ಕೆವು,
ಅವನೇ ಬಾಗಿಲಲ್ಲಿ ನಿಂತದ್ದು ಕಾಣುವವರೆಗೆ.

ಡಬ್ಬಿ ಮೇಜಿನ ಮೇಲೆ ಸುರಿದೆ.
'ಕೆ' ಇಲ್ಲ. 'ಎಸ್' ಒಂದೂ ಇಲ್ಲ.
ಸಾಸ್ನಿಕ್‌ನದು ಬಿಚ್ಚಲೇ, ಅಂದೆ.
ಬೇಡ, ಹುಡುಗನ ಮೊದಲ ವರ್ಷ, ಅಂದ.
ಸ್ಟೂಲಿನ ಮೇಲೆ ಕೂತು, ನಿಧಾನ ಮಂಡಿ ಚಾಚಿ,
ಆ ಒಂಟಿ 'ಕ್ಯೂ' ಎತ್ತಿ ಬೆಳಕಿಗೆ ಹಿಡಿದ:
'ಕೀರೋಸ್. ಮೂರನೇ ಬೇಸಿನವ. ಚೆನ್ನಾಗಿ ಹಾಡುತ್ತಿದ್ದ.'

ಕೊನೆಯ ಆಟ ಬೋಳುಬೆನ್ನಲ್ಲೇ ಆಡಿದ.
ಏಳಕ್ಕೆ ಎರಡು, ಸೋಲು.
ಸೋಮವಾರ ಅಂಗಿ ಒಗೆತಕ್ಕೆ ಬಂತು,
ಬೆನ್ನ ಮೇಲೆ ಬೆವರು ಒಣಗಿ ಉಪ್ಪಿನ ವಕ್ರ ಗೆರೆ.
ಒಂದು ಗಳಿಗೆ ನೋಡಿದೆ.
ಬಿಸಿನೀರಿಗೆ ಹಾಕಿದೆ.